ಖಾಲಿ ಎಂದರೆ ಹಸಿರು

ಲಾರಿಯವರಿಗೆ ದಾರಿ ತೋರಿಸುವ ನಕ್ಷೆಯ ಸಾಫ್ಟ್‌ವೇರಿನಲ್ಲಿ ಸೂತ್ರಗಳನ್ನು ಹೇಗೆ ಬರೆಯಬೇಕೆಂದು ನಿರ್ಧರಿಸುವುದು ಅವಳ ಕೆಲಸ. ಪ್ರತಿ ಸೇತುವೆಗೂ ಒಂದು ಪಟ್ಟಿ, ಅದರಲ್ಲಿ ತಿಂಗಳಿಗೊಂದು ಕಾಲಮ್. ಅವಳ ಹೆಮ್ಮೆಯ ಸೂತ್ರ ಈ ತಿಂಗಳು ಯಾವುದೆಂದು ನೋಡಿ, ಸರಿಯಾದ ಕಾಲಮ್ಮನ್ನು ತಾನೇ ಹುಡುಕಿ, ಸೇತುವೆ ಎಷ್ಟು ಟನ್ ಹೊರಬಲ್ಲದೆಂದು ತರುತ್ತಿತ್ತು. ಲಾರಿಯ ಭಾರ ಅದನ್ನು ಮೀರಿದರೆ ನಕ್ಷೆಯಲ್ಲಿ ಸೇತುವೆ ಕೆಂಪು, ಇಲ್ಲದಿದ್ದರೆ ಹಸಿರು.

"ಕಾಲಮ್ಮೇ ಇಲ್ದಿದ್ರೆ? ದೋಷ ಅಂತ ತೋರಿಸಿ ನಿಲ್ಲಬೇಕು" ಎಂದಿದ್ದ ಸಾಫ್ಟ್‌ವೇರ್ ಪರೀಕ್ಷಕ.

"ಮಾತೆತ್ತಿದ್ರೆ ದೋಷ ಅಂದ್ರೆ ಯಾರಪ್ಪಾ ಬಳಸ್ತಾರೆ? ಸುಮ್ನೆ ಖಾಲಿ ಕೊಡ್ಲಿ" ಎಂದು ಅವನ ಬಾಯಿ ಮುಚ್ಚಿಸಿದ್ದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳಿಗೆ ಬುದ್ಧಿ ಹೇಳುವವರು ಯಾರು?

ಇವತ್ತು ಮಧ್ಯಾಹ್ನ ಅದೇ ಪರೀಕ್ಷಕ ಮುಖ ಬಿಳಿಚಿಕೊಂಡು ಬಂದ. "ಹಳೇ ಸೇತುವೆ ಕಂಬ ಬಿರುಕು ಬಿಟ್ಟಿದೆಯಂತೆ. ಇಂಜಿನಿಯರುಗಳು ಅಳತೆ ಮಾಡ್ದೆ ವಾಪಸ್ ಹೋಗಿದಾರೆ. ಅದಕ್ಕೇ ಈ ತಿಂಗಳ ಕಾಲಮ್ಮೇ ಇಲ್ಲ. ಮಿತಿನೇ ಖಾಲಿ ಇದ್ರೆ ಯಾವ ಭಾರವೂ ಅದನ್ನ ಮೀರಿದೆ ಅಂತ ಲೆಕ್ಕಕ್ಕೆ ಬರಲ್ವಲ್ಲ, ನಕ್ಷೆ ಹಸಿರು ತೋರಿಸ್ತಿದೆ."

ಲಾರಿ ಓಡಿಸುವ ಅವಳ ತಮ್ಮ ದಿನವೂ ಸಿಮೆಂಟ್ ಹೊತ್ತು ಹೋಗುವುದು ಅದೇ ದಾರಿಯಲ್ಲಿ. ಮೂರು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದ.

"ಈಗ ತಾನೆ ಸೇತುವೆ ದಾಟಿ ನಿಲ್ಸಿದೆ ಕಣಕ್ಕಾ. ಯಾಕೋ ಸ್ವಲ್ಪ ಅಲ್ಲಾಡ್ತು."

ಅವಳಿಗೆ ಹೋದ ಜೀವ ಬಂದಂತಾಯಿತು. ಅವನು ನಗುತ್ತಲೇ ಮುಂದುವರಿಸಿದ.

"ಆ ಕಡೆ ನಮ್ಮ ಮೂರು ಲಾರಿಯೋರು ಅದನ್ನ ನೋಡಿ ಹೆದರಿ ನಿಂತಿದ್ರು. ನಮ್ಮಕ್ಕ ಮಾಡಿರೋ ನಕ್ಷೆ, ಹಸಿರು ಅಂದ್ರೆ ಹಸಿರೇ, ಬನ್ನಿ ಅಂತ ಫೋನ್ ಮಾಡ್ದೆ. ಹೊರಡ್ತಿದಾರೆ."

"ಬೇಡ! ಲಾರಿನ ಸೇತುವೆ ಬಾಯಿಗೆ ಅಡ್ಡ ನಿಲ್ಸು. ಅವರಿಗೆ ಈಗ್ಲೇ ಫೋನ್ ಮಾಡು. ನಕ್ಷೆ ಸುಳ್ಳು ಕಣೋ."

"ಯಾರ್ ಹೇಳಿದ್ದು ಅಂದ್ರೆ ಏನನ್ನಲಿ?"

ಮಾತು ಕೇಳಿಸಿಕೊಂಡ ಮ್ಯಾನೇಜರ್ ಅವಳೆದುರು ಬಂದು ನಿಂತು, ತುಟಿಯ ಮೇಲೆ ಬೆರಳಿಟ್ಟು ಬೇಡ ಎಂದು ತಲೆಯಾಡಿಸುತ್ತಿದ್ದರು. ಅವಳು ಅವರಿಗೆ ಬೆನ್ನು ತಿರುಗಿಸಿದಳು.

"ನಮ್ಮಕ್ಕ ತಪ್ಪು ಮಾಡಿದಾಳೆ ಅನ್ನು. ಹಾಗೇ ಹೇಳು."

ಫೋನಿನಲ್ಲಿ ತಮ್ಮನ ಲಾರಿ ಸೇತುವೆಯತ್ತ ಹಿಂದಕ್ಕೆ ಸರಿಯುವ ಸದ್ದು ಕೇಳಿಸಿತು.