ಸಪ್ನಾ ಏನು ಅಗಿಯುತ್ತಿದ್ದಳು?

ಹೊನವಾಡದ ಹೊಲಗಳ ನಡುವೆ ಒಂದು ಒಣದ್ರಾಕ್ಷಿ ಶೆಡ್ಡು. ಅಲ್ಲಿ ಹೆಂಗಸರು ಸಾಲಾಗಿ ಕೂತು ದ್ರಾಕ್ಷಿಯಲ್ಲಿನ ಕಡ್ಡಿ, ಕಸ ಆರಿಸುತ್ತಾರೆ. ಕೆಲಸದ ಹೊತ್ತಿನಲ್ಲಿ ಒಂದು ದ್ರಾಕ್ಷಿಯೂ ಬಾಯಿಗೆ ಹೋಗಬಾರದು. ಉಸ್ತುವಾರಿ ನೋಡುವ ಮಲಕವ್ವನ ಕಣ್ಣು ಅವರ ಕೈಗಳ ಮೇಲೆ ಕಡಿಮೆ, ಬಾಯಿಗಳ ಮೇಲೆ ಹೆಚ್ಚು. ಹೆಂಗಸು ಕೆಟ್ಟವಳಲ್ಲ. ಆದರೆ ಒಮ್ಮೆ ಯಾರ ಮೇಲಾದರೂ ಗುಮಾನಿ ಬಂದರೆ ಅದು ಸುಲಭಕ್ಕೆ ಇಳಿಯುವುದಿಲ್ಲ.

ಈ ಸಲ ಅವಳ ಕಣ್ಣಿಗೆ ಬಿದ್ದವಳು ಸಪ್ನಾ. ಯಾವಾಗ ನೋಡಿದರೂ ಅವಳ ದವಡೆ ಆಡುತ್ತಿತ್ತು.

"ಏನ ತಿನ್ನಾಕತ್ತಿ ಸಪ್ನಾ?"

"ಏನಿಲ್ರಿ ಅಕ್ಕಾರ."

"ಏನಿಲ್ಲಾಂದ್ರ ಬಾಯಿ ಯಾಕ ಆಡಾಕತ್ತೈತಿ?"

ಸಪ್ನಾ ತಲೆ ತಗ್ಗಿಸಿದಳು. ತಲೆ ತಗ್ಗಿಸಿದವರೆಲ್ಲ ಕಳ್ಳರು ಎಂಬುದು ಮಲಕವ್ವನ ಲೆಕ್ಕ. "ನಾಳಿಂದ ಬರಬ್ಯಾಡ ನೀ" ಎಂದು ಎಲ್ಲರೆದುರೇ ಹೇಳಿಬಿಟ್ಟಳು.

ಸುದ್ದಿ ಸಪ್ನಾಳಿಗಿಂತ ಮೊದಲೇ ಮನೆ ಮುಟ್ಟಿತು. ಅತ್ತೆ ರುಕ್ಮವ್ವನಿಗೆ ಸೊಸೆಯ ಮೇಲೆ ಮೊದಲಿನಿಂದಲೂ ಏನೋ ಸಂಶಯ. ಒಂದು ಕೊಡ ನೀರು ತರುವಷ್ಟರಲ್ಲಿ ಏದುಸಿರು ಬಿಡುತ್ತಾಳೆ. ರೊಟ್ಟಿ ಬಡಿಯುವಾಗ ಗೋಡೆಗೆ ಒರಗುತ್ತಾಳೆ. ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು.

"ಆ ಗಂಟ ಬಿಚ್ಚ ನೋಡೂನು" ಎಂದಳು ರುಕ್ಮವ್ವ.

ಬಿಚ್ಚಿದಾಗ ಉದುರಿದ್ದು ದ್ರಾಕ್ಷಿಯಲ್ಲ, ಮಣ್ಣಿನ ಹೆಂಟೆಯ ಚೂರುಗಳು. ರುಕ್ಮವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಕಳ್ಳತನದ ಸಂಶಯ ಹೋಯಿತು, ಮಾಟದ ಸಂಶಯ ಬಂದು ಕೂತಿತು.

"ಯಾರ ಕೊಟ್ಟಾರ ಇದನ್ನ? ಯಾರ ಮಾಟಾ ಮಾಡ್ಯಾರ ನಿನಗ?"

"ಯಾರೂ ಕೊಟ್ಟಿಲ್ರಿ ಅತ್ತಿ. ಹಿತ್ತಲ ಗ್ವಾಡಿ ಮಣ್ಣದು. ತಿನಬೇಕು ಅನಸತೈತಿ. ಬಿಡಾಕ ಆಗವಲ್ದು." ಹೇಳುತ್ತಾ ಸಪ್ನಾ ಅತ್ತುಬಿಟ್ಟಳು.

ಮರುದಿನ ಓಣಿಯ ಕೂಸುಗಳಿಗೆ ಲಸಿಕೆ ಹಾಕಲು ಆರೋಗ್ಯ ಕೇಂದ್ರದ ನರ್ಸ್ ನಿಖತ ಬಂದರು. ರುಕ್ಮವ್ವ ಮಣ್ಣಿನ ಚೂರುಗಳನ್ನು ಅವರ ಮುಂದಿಟ್ಟು, ಸೊಸೆಯ ಏದುಸಿರು, ಗೋಡೆಗೆ ಒರಗುವುದು ಎಲ್ಲ ಹೇಳಿದಳು. ನಿಖತ ಸಪ್ನಾಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಒಳಗೆ ಕೆಂಪೇ ಇರಲಿಲ್ಲ.

"ತಿಂಗಳಾ ಮುಟ್ಟ ಎಷ್ಟ ದಿನಾ ಇರತೈತಿ ಸಪ್ನಾ?"

ಸಪ್ನಾ ಅತ್ತೆಯ ಮುಖ ನೋಡಿ, ದನಿ ಇಳಿಸಿ ಹೇಳಿದಳು: "ಒಂಬತ್ತು ಹತ್ತು ದಿನಾರೀ. ತಾಸಿಗೊಮ್ಮಿ ಬಟ್ಟಿ ಬದಲಸಬೇಕು. ರಕ್ತ ಹೆಪ್ಪಗಟ್ಟಿ ಗಡ್ಡಿ ಗಡ್ಡಿ ಹೋಗತೈತಿ."

"ಹೆಣ್ಣಿನ ಜಲ್ಮಕ್ಕ ಅದು ಇದ್ದದ್ದ" ಎಂದಳು ರುಕ್ಮವ್ವ. "ನಮಗೂ ಆಗತಿತ್ತು. ನಾವೇನ ಮಣ್ಣ ತಿಂದೇವೇನು?"

"ನಿಮ್ಮ ಮಾತೂ ಖರೇನ ಐತ್ರಿ ಯವ್ವಾ. ಭಾಳ ಮಂದಿಗೆ ತಿಂಗಳಾ ಹೋಗೋ ರಕ್ತ ಕೆಲವು ಚಮಚಾ ಅಷ್ಟ. ಗರ್ಭಚೀಲ ತಾನ ಹಿಂಡಕೊಂಡು ರಕ್ತಾ ನಿಲ್ಲಸತೈತಿ. ಹೋದ ನೀರಿನ ಅಂಶ ಲಗೂನ ತುಂಬತೈತಿ. ಕೆಂಪಿನ ಅಂಶ ಮಾತ್ರ ಎಲುಬಿನ ಒಳಗ ಹೊಸದಾಗಿ ಹುಟ್ಟಬೇಕು, ಅದಕ್ಕ ವಾರಗಟ್ಟಲೆ ಬೇಕು. ಅದಕ್ಕ ಕಬ್ಬಿಣಾನೂ ಬೇಕು. ನೆಲದಾಗ ಜ್ವಾಳ ತುಂಬಿಡೋ ಹಗೇವ ಇದ್ದಂಗ, ಮೈಯಾಗ ಕಬ್ಬಿಣದ ಕೂಡಿಕಿ ಇರತೈತಿ. ಹಾಕೂದಕ್ಕಿಂತ ತಗಿಯೂದ ಹೆಚ್ಚಾದ್ರ ಏನಾಗತೈತಿ?"

"ತಳಾ ಕಾಣತೈತಿ" ಎಂದಳು ರುಕ್ಮವ್ವ, ಒಲ್ಲದ ಮನಸ್ಸಿನಿಂದ.

"ಈಕೀದು ತಳಾ ಕಂಡೈತಿ. ಇದ್ದ ರಕ್ತದಾಗ ಮೈ ನಡಸಾಕ ಎದಿ ಜೋರ ಬಡಕೋತೈತಿ. ಅದಕ್ಕ ಏದುಸಿರು, ಅದಕ್ಕ ಚಕ್ಕರ. ಕೆಲವ್ರಿಗೆ ಮಣ್ಣು, ಬಳಪಾ ತಿನಬೇಕು ಅಂತನೂ ಅನಸತೈತಿ. ಮಾಟ ಅಲ್ರಿ ಇದು. ರಕ್ತಾ ಪರೀಕ್ಷಾ ಮಾಡಸೂನು."

"ರಕ್ತ ಕಡಿಮಿ ಐತಿ ಅಂತೀರಿ, ಮತ್ತ ರಕ್ತಾನ ತಗೋತೀರಿ?"

"ಒಂದೆರಡ ಹನಿ ಸಾಕ್ರಿ."

"ದವಾಖಾನಿಗೆ ಹೋದ್ರ ಗರ್ಭಚೀಲಾನ ತಗದ ಒಗೀತಾರಂತ."

"ಎಲ್ಲಾರಿಗೂ ಆ ಆಪರೇಷನ್ ಬೇಕಾಗಂಗಿಲ್ರಿ. ಯಾರರ ಅಂದ್ರ, ಯಾಕ ಅಂತ ಕೇಳ್ರಿ. ಇನ್ನೊಬ್ಬ ಡಾಕ್ಟರಿಗೆ ತೋರಸ್ರಿ. ಸಂಶಯಾನ ಪಡೂದಿದ್ರ ಅಲ್ಲಿ ಪಡ್ರಿ."

ಟಿಕೋಟಾ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಹನ್ನೆರಡಾದರೂ ಇರಬೇಕಾದ ಹಿಮೋಗ್ಲೋಬಿನ್ ಏಳೂವರೆ ಇತ್ತು. ಹೀಗೇ ಬಿಟ್ಟಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು ಡಾಕ್ಟರು. ವಿಜಯಪುರದಲ್ಲಿ ಸ್ಕ್ಯಾನ್ ಮಾಡಿದಾಗ ಗರ್ಭಚೀಲದಲ್ಲಿ ಸಣ್ಣ ಗಡ್ಡೆ ಕಂಡಿತು, ಕ್ಯಾನ್ಸರ್ ಅಲ್ಲ. ಸ್ರಾವ ತಗ್ಗಿಸಲು ಔಷಧಿ, ರಕ್ತಕ್ಕೆ ಕಬ್ಬಿಣದ ಗುಳಿಗೆ ಬರೆದುಕೊಟ್ಟರು.

ರುಕ್ಮವ್ವನ ಸಂಶಯ ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ವಾರ ಕಳೆಯುವುದರೊಳಗೆ ನಿಖತರಿಗೆ ಫೋನು ಹೋಯಿತು.

"ಸೊಸಿಗೆ ಸಂಡಾಸ ಕರ್ರಗ ಆಗಾಕತ್ತೈತಿ. ಏನ ಕೊಟ್ಟೀರಿ ನೀವು?"

"ಕಬ್ಬಿಣದ ಗುಳಿಗಿ ತಗೊಂಡ್ರ ಹಂಗ ಆಗತೈತ್ರಿ, ಹೆದರಬ್ಯಾಡ್ರಿ. ಗುಳಿಗಿ ಹ್ಯಾಂಗ ಕೊಡಾಕತ್ತೀರಿ?"

"ಚಾದಾಗ. ಮುಂಜಾನಿ ಬಿಸಿ ಬಿಸಿ."

"ಚಾ ಕೂಡ ಕೊಟ್ರ ಕಬ್ಬಿಣ ಮೈಗೆ ಹತ್ತಂಗಿಲ್ರಿ. ಲಿಂಬಿಹಣ್ಣಿನ ನೀರಿನ ಕೂಡ ಕೊಡ್ರಿ. ಚಾ ಎರಡ ತಾಸ ಬಿಟ್ಟ ಕುಡೀಲಿ. ಊಟದಾಗ ಕಾಳು, ಹಸರ ತಪ್ಪಲ ಪಲ್ಯಾ ಇರಲಿ."

ಅಂದಿನಿಂದ ರುಕ್ಮವ್ವ ಚಹಾದ ಮೇಲೆ ಕಣ್ಣಿಟ್ಟಳು. ಸೊಸೆ ಗುಳಿಗೆ ನುಂಗಿ ಎರಡು ತಾಸು ಆಗುವವರೆಗೆ ಅವಳನ್ನು ಒಲೆಯ ಹತ್ತಿರಕ್ಕೂ ಬಿಡಲಿಲ್ಲ.

ಕೆಲವು ವಾರಗಳಲ್ಲಿ ಮಣ್ಣಿನ ಆಸೆ ತಾನಾಗಿ ಹೋಯಿತು. ಮೂರು ತಿಂಗಳಿಗೆ ಸಪ್ನಾ ಕೊಡ ಹೊತ್ತು ನಿಲ್ಲದೆ ಮನೆಗೆ ಬಂದಳು. ಅದನ್ನು ಕಂಡ ದಿನವೇ ರುಕ್ಮವ್ವ ಅವಳ ಕೈ ಹಿಡಿದು ಶೆಡ್ಡಿಗೆ ಹೋದಳು. ಎಲ್ಲ ಹೆಂಗಸರೂ ಕೂತಿದ್ದರು.

"ಮಲಕವ್ವಾ, ಎಲ್ಲಾರ ಮುಂದ ಬರಬ್ಯಾಡ ಅಂದಿದ್ದಿ. ಈಗ ಎಲ್ಲಾರ ಮುಂದ ಬಾ ಅನ್ನು."

ನಡೆದದ್ದನ್ನು ಕೇಳಿ ಮಲಕವ್ವನ ಮುಖ ಸಣ್ಣದಾಯಿತು. "ತಪ್ಪಾತ ಬೇ. ಈಕಿ ಏನೂ ಕದ್ದಿಲ್ಲ, ಎಲ್ಲಾರೂ ಕೇಳ್ರಿ. ನಾಳಿಂದ ಬಾ ಸಪ್ನಾ. ಆದ್ರ ನೀನರ ಮೊದಲ ಹೇಳಬಾರದಿತ್ತೇನು?"

ಸಪ್ನಾ ಈ ಸಲ ತಲೆ ತಗ್ಗಿಸಲಿಲ್ಲ.

"ಏನ ತಿನ್ನಾಕತ್ತಿ ಅಂತ ನೀವು ಕೇಳಿದ್ರಿ ಅಕ್ಕಾರ. ಯಾರ ಮಾಟಾ ಮಾಡ್ಯಾರ ಅಂತ ಅತ್ತಿ ಕೇಳಿದ್ರು. ರಕ್ತ ಎಷ್ಟ ಹೋಗತೈತಿ ಅಂತ ನೀವಿಬ್ರೂ ಕೇಳಲಿಲ್ಲಲ್ರಿ."

ರುಕ್ಮವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮುಟ್ಟಿನ ರಕ್ತವನ್ನು ಮೈ ತಾನಾಗಿ ತುಂಬಿಕೊಳ್ಳುತ್ತದೆ, ನಿಜ. ಆದರೆ ಏಳು ದಿನ ಮೀರಿ ಸ್ರಾವವಾದರೆ, ತಾಸು ಎರಡು ತಾಸಿಗೊಮ್ಮೆ ಬಟ್ಟೆ ಬದಲಿಸಬೇಕಾದರೆ, ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆಗಳು ಹೋದರೆ, ಅದು ಮೈಯ ಕೈ ಮೀರಿದೆ ಎಂದೇ ತಿಳಿಯಿರಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ. ನಿಮ್ಮ ಮನೆಯಲ್ಲೂ ಯಾರೋ ಗೋಡೆಗೆ ಒರಗಿ ಉಸಿರು ತೆಗೆದುಕೊಳ್ಳುತ್ತಿರಬಹುದು. ಅವಳನ್ನು ಸೋಮಾರಿ ಎನ್ನುವ ಮೊದಲು ಹತ್ತಿರ ಕೂತು, ಎಷ್ಟು ಹೋಗುತ್ತದೆ ಎಂದು ಕೇಳಿ. ಇವತ್ತೇ ಕೇಳಿ.