ಹದಿನೇಳು ಕುಕೀಗಳು

ಪರದೆಯ ಮೂಲೆಯಲ್ಲಿ ನೋಡಿದವರ ಲೆಕ್ಕ ಹದಿನೇಳು, ಮತ್ತೆ ರಿಫ್ರೆಶ್ ಒತ್ತಿದರೂ ಹದಿನೇಳೇ, ಹಾಳಾದ್ದು, ಇಡೀ ವಾರಕ್ಕೆ ಇಷ್ಟೇನಾ, ಹೋದ ವಾರದವರೆಗೆ ನೂರಾರು ಎಂದು ಹಿಗ್ಗುತ್ತಿದ್ದೆನಲ್ಲ, ಅದು ಪುಟ ತೆರೆದ ಲೆಕ್ಕ, ಒಬ್ಬನೇ ಹತ್ತು ಸಲ ತೆರೆದರೂ ಹತ್ತು — ಕುಕೀ ಹಾಕಿದ ಮೇಲೆ ತಾನೇ ಬಣ್ಣ ಬಯಲಾದದ್ದು, ಒಂದೊಂದು ಕಂಪ್ಯೂಟರಿಗೂ ಒಂದು ಗುರುತು ಅಂಟಿಸುತ್ತದೆ, ಮತ್ತೆ ಬಂದರೆ ಹಳೇ ಗಿರಾಕಿ ಎಂದು ಬಿಟ್ಟುಬಿಡುತ್ತದೆ. ಇನ್ನೇನು ಶಂಭುಲಿಂಗಯ್ಯನವರು ಫೋನು ಮಾಡುತ್ತಾರೆ, ಕೊಬ್ಬರಿ ಮಂಡಿಯ ಯಜಮಾನರು, ತಿಪಟೂರಿನ ದರ ಹಾಕುವ ನನ್ನ ವೆಬ್‌ಸೈಟಿಗೆ ಖರ್ಚು ಕೊಡುವವರು, ಎಣ್ಣೆ ಕಂಪನಿಯೋರು ಜಾಹೀರಾತು ಕೊಡ್ತಾರಂತೆ ಕಣಮ್ಮ ವನಜಾಕ್ಷಿ, ಬೇರೆಬೇರೆ ಜನ ಎಷ್ಟು ಅಂತ ಕೇಳವ್ರೆ, ಕಮ್ಮಿಯಾದ್ರೆ ಮುಚ್ಚಿಬುಡಾಣ, ಎಂದಿದ್ದರು — ಮುಚ್ಚುವುದೇ, ಹರಾಜಿನ ಅಂಗಳದಲ್ಲಿ ಬಿಸಿಲಿಗೆ ನಿಂತು ದರ ಕೇಳಿಕೊಂಡು ಓಡಿ ಬಂದು ಹಾಕಿದ್ದೇನೆ, ನಾನು ಬಿಡುವವಳಲ್ಲ.

ಕುಕೀ ಅಳಿಸಿ ಅಳಿಸಿ ಪುಟ ತೆಗೀತೀನಿ ಬುಡಕ್ಕ, ಸಂಜೆಗೆಲ್ಲ ಐನೂರು ಮಾಡ್ಕೊಡ್ತೀನಿ, ಎಂದ ಈ ಸೈಬರ್ ಅಂಗಡಿಯ ದಯಾನಂದ, ಒಳ್ಳೆಯವನೇ, ಆದರೂ ಮೈಯೆಲ್ಲ ಉರಿದುಹೋಯಿತು, ಸುಳ್ಳು ದರ ಹಾಕದವಳು ಸುಳ್ಳು ಜನ ಹಾಕಲೇ, ಬೇಡವೇ ಬೇಡ — ಆದರೆ ಹದಿನೇಳೂ ನಿಜವಲ್ಲ, ನನ್ನ ಬೆನ್ನ ಹಿಂದೆಯೇ ಬಿಳಿಗೆರೆ, ಕಂದಿಕೆರೆಯ ರೈತರು, ಕಂಕುಳಲ್ಲಿ ಖಾಲಿ ಚೀಲ, ಬೆವರಿನ ವಾಸನೆ, ಜೋರಾಗಿ ಓದವ್ವ, ಹಿಂದಿನೋರ್ಗೂ ಕೇಳ್ಲಿ, ಎನ್ನುತ್ತಾನೆ ಬಿಳಿಗೆರೆಯ ಹುಚ್ಚಣ್ಣ, ನಾನು ಓದಿದ್ದನ್ನು ಬೀದಿಗೆ ಕೂಗುತ್ತಾನೆ, ಎದುರಿಗೆ ನಿಂತ ದಬ್ಬೇಘಟ್ಟದ ಬಸ್ಸಿನವರೂ ಕಿಟಕಿಯಿಂದ ತಲೆ ಹಾಕುತ್ತಾರೆ, ಕುಕೀಗೆ ಇವರೆಲ್ಲ ಸೇರಿ ಒಬ್ಬರು. ಓದು ಬಾರದ ಚೌಡಮ್ಮ ದರ ಯಾವುದೆಂದು ಕೇಳಿ ಅದರ ಮೇಲೆ ಬೆರಳಿಟ್ಟಿದ್ದಾಳೆ, ಕಾಯಿ ಸುಲಿದು ಕಪ್ಪಾದ ಬೆರಳು, ಊರಿಗ್ ಬಂದಿದ್ ವ್ಯಾಪಾರಿ ಕಮ್ಮಿಗೆ ಕೇಳ್ದ ಕಣವ್ವ, ಇನ್ ಕೊಡಾಕಿಲ್ಲ ನಾನು — ಬೆರಳು ತೆಗೆಯುವುದೇ ಇಲ್ಲ.

ಫೋನು. ಎಷ್ಟಾಯ್ತಮ್ಮ. ಹದಿನೇಳು ಎಂದೆ, ಅವು ಕಂಪ್ಯೂಟರ್ ಲೆಕ್ಕ ಕಣ್ರೀ, ಜನ ಎಷ್ಟು ಅಂತ ಅದಕ್ಕೂ ಗೊತ್ತಿಲ್ಲ ನನಗೂ ಗೊತ್ತಿಲ್ಲ, ನೀವೇ ಹರಾಜಿನ ದಿನ ಬಂದು ನೋಡಿ. ಹದಿನೇಳಕ್ಕೆ ಯಾರಮ್ಮ ಜಾಹೀರಾತು ಕೊಡ್ತಾರೆ, ಇವತ್ತಿಗೇ ನಿಲ್ಸಿಬುಡು — ಇಟ್ಟರು, ಇಡಲಿ, ಅಳು ಬರುತ್ತಿದೆ, ಬರಲಿ, ಟ್ಯೂಷನ್ ಹೇಳಿಯಾದರೂ ನಾನೇ ನಡೆಸುತ್ತೇನೆ, ಯಜಮಾನರ ಹಂಗೇಕೆ, ಆಗುತ್ತದೆಯೇ, ಆಗಲೇಬೇಕು, ನಿಲ್ಲಿಸು ಎಂದರೆ ಯಾರ ಮುಂದೆ ನಿಲ್ಲಿಸಲಿ, ಇನ್ನೊಂದ್ ಕಿತ ಓದವ್ವ ಎನ್ನುತ್ತಾಳೆ ಚೌಡಮ್ಮ, ಓದ್ತೀನಿ, ಓದ್ತೀನಿ, ಮೌಸಿನ ಮೇಲೆ ನನ್ನ ಕೈ, ಇವತ್ತಿನ ದರದ ಮೇಲೆ ಅವಳ ಬೆರಳು, ಗಾಜಿಗೆ ಒತ್ತಿ ಹಿಡಿದ ಬೆರಳು, ಬೆರಳು