ಬಣ್ಣ ಬಳಿದ ಅಡುಗೆಮನೆ

ನನ್ನ ಮಗಳು ಮಿಸ್ಬಾ ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ನಾಟಕ ಓದುತ್ತಾಳೆ. ಅಭಿನಯಕ್ಕೊಂದು ಪೇಪರು, ರಂಗಸಜ್ಜಿಕೆಗೊಂದು, ನಾಟಕ ಸಾಹಿತ್ಯಕ್ಕೆ ಎರಡು. ಇದನ್ನು ಕೇಳಿದ ದಿನ ನನ್ನ ನಾದಿನಿ ಗುಲ್ಜಾರ್ ಬೀ ಚಹಾದ ಲೋಟ ಕೆಳಗಿಟ್ಟು, "ಅಯ್ಯೋ ಭಾಬಿ, ಡ್ರಾಮಾ ಮಾಡಕ್ಕೂ ಡಿಗ್ರಿ ಕೊಡ್ತಾರಾ? ಹಂಗಾದ್ರೆ ನನ್ ಸೊಸೆಗೆ ಸೀದಾ ಪಿಎಚ್‌ಡಿನೇ ಕೊಟ್ಬುಡ್ಲಿ" ಎಂದಳು.

ರಂಗಸಜ್ಜಿಕೆಯ ಪ್ರಾಕ್ಟಿಕಲ್‌ನಲ್ಲಿ ಮಿಸ್ಬಾ ಹೋದ ಸಲ ಫೇಲಾಗಿದ್ದಳು. "ಈ ಸಲಾನೂ ಹೋದ್ರೆ ಓದು ಸಾಕು, ಮನೇಲಿರು" ಎಂದು ನನ್ನ ಗಂಡ ಗೌಸ್ ಹೇಳಿಬಿಟ್ಟಿದ್ದರು. ಆಡಿದ ಮಾತು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ಅವರ ವಂಶದಲ್ಲಿಲ್ಲ. ಆಡಿದ್ದು ತಪ್ಪಾಗಿದ್ದರಂತೂ ಇಲ್ಲವೇ ಇಲ್ಲ.

ಈ ಸಲ ಪಠ್ಯದ ನಾಟಕವೊಂದರ ಕೊನೆಯ ಅಂಕಕ್ಕೆ ಪುಟ್ಟ ಮನೆಯೊಂದರ ಮಾದರಿ ಮಾಡಬೇಕಿತ್ತು. ಹೆಂಡತಿ ಮನೆ ಬಿಟ್ಟು ಹೋಗುವ ಅಂಕವಂತೆ. ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಮನೆ. ಕಂಬ, ಮಡಕೆ, ಮಂಚದ ಕಾಲುಗಳನ್ನೆಲ್ಲ ಅವಳು ನಮ್ಮ ಲೇತಿನಲ್ಲೇ ಕಡೆದಳು. ಬಣ್ಣ ಮಾತ್ರ ಹಾಕಲಿಲ್ಲ. ಗೋಡೆಗೆ ಮಸಿ ಬಳಿದಳು.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಅವಳು ರೆಕಾರ್ಡ್ ಬೈಂಡ್ ಮಾಡಿಸಲು ರಾಮನಗರಕ್ಕೆ ಹೋದಾಗ ಮಾದರಿಯ ಹತ್ತಿರ ಕೂತು ನೋಡಿದೆ. ಒಂದೇ ಕೀಲಿನಲ್ಲಿ ನೇತಾಡುವ ಬೀರು ಬಾಗಿಲು. ಸೊಟ್ಟಗಾದ ಕಿಟಕಿ ಸರಳು. ಒಲೆಯ ಪಕ್ಕ ಒಂದೇ ಒಂದು ಮಣೆ, ಎಲ್ಲರದ್ದೂ ಆದ ಮೇಲೆ ಒಬ್ಬಳು ಕೂತು ಉಣ್ಣಲಿಕ್ಕೆ.

ನನ್ನ ಅಡುಗೆಮನೆ.

ಬಣ್ಣವಿಲ್ಲದ ಮರ ನಮ್ಮ ಮನೆಯಿಂದ ಹೊರಗೆ ಹೋದರೆ ಕಸುಬಿಗೇ ಅವಮಾನ ಎಂದು ನನಗೆ ನಾನೇ ಹೇಳಿಕೊಂಡೆ. ಕಂಬ, ಮಡಕೆಗಳನ್ನು ಬಿಚ್ಚಿ ಲೇತಿಗೆ ಹಾಕಿ, ಬಣ್ಣದ ಅರಗಿನ ಕಡ್ಡಿ ಒತ್ತಿ, ಕೇದಗೆ ಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟೆ. ಕೆಂಪು, ಹಳದಿ, ಹಸಿರು. ಗೋಡೆಗೆ ಗುಲಾಬಿ ಪೇಂಟು. ಬೀರು ಬಾಗಿಲಿಗೆ ಗೋಂದು. ಸರಳನ್ನೂ ನೆಟ್ಟಗೆ ಮಾಡಿ, ಡಬ್ಬದಲ್ಲಿಟ್ಟು, ಬಟ್ಟೆ ಸುತ್ತಿ ಗಂಟು ಹಾಕಿದೆ. ಯಾವ ಹೆಂಗಸೂ ಬಿಟ್ಟು ಹೋಗಲಾರದ ಮನೆ.

ಬೆಳಿಗ್ಗೆ ಡಬ್ಬ ಹಿಡಿದುಕೊಳ್ಳಲು ನಾನೂ ಹೊರಟೆ. ರೈಲು ರಾಮನಗರ ದಾಟಿದ ಮೇಲೆ ಮಿಸ್ಬಾ ಗಂಟು ಬಿಚ್ಚಿದಳು.

"ಅಮ್ಮೀ, ಏನ್ ಮಾಡಿದ್ದೀಯ ಇದು?"

"ಒಸಿ ಚೆಂದ ಮಾಡ್ದೆ ಕಣೆ."

"ಅವ್ಳು ಮನೆ ಬಿಟ್ಟು ಹೋಗ್ತಿದ್ದಾಳೆ ಅಮ್ಮೀ! ಮದ್ವೆ ಆಗಿ ಬರ್ತಿಲ್ಲ!"

ಎದುರು ಕೂತಿದ್ದ ಹೆಂಗಸು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿ, "ಯಾರವ್ವ ಬುಟ್ಟೋದೋಳು? ನಿಮ್ ಪೈಕಿಯೋಳಾ?" ಎಂದಳು.

ಮಿಸ್ಬಾ ಅಳಲಿಲ್ಲ. ಸುಮ್ಮನೆ ಕಿಟಕಿಯ ಕಡೆ ತಿರುಗಿದಳು. ಏನು ಹೇಳಿದರೂ ಪ್ರಯೋಜನವಿಲ್ಲ ಎಂದು ಗೊತ್ತಾದವಳ ಮುಖ. ಆ ಮುಖವನ್ನು ಅವಳಿಗೆ ಯಾವ ವಿಶ್ವವಿದ್ಯಾಲಯವೂ ಕಲಿಸಿರಲಿಲ್ಲ. ಅವಳು ಅದನ್ನು ನೋಡಿ ಬೆಳೆದದ್ದು ನನ್ನಲ್ಲಿ.

"ಉಪ್ಪುಕಾಗದ ಐತಾ?" ಎಂದೆ.

ಬ್ಯಾಗಿನಿಂದ ಅದನ್ನೂ ಮಿಕ್ಕಿದ್ದ ಮಸಿಯನ್ನೂ ತೆಗೆದಳು. ಇಬ್ಬರೂ ಉಜ್ಜತೊಡಗಿದೆವು. ಬಿಡದಿಯಲ್ಲಿ ಇಳಿಯುವ ಕಾರ್ಖಾನೆಯ ಹುಡುಗಿಯರು ನಮ್ಮ ಮಡಿಲ ಗುಲಾಬಿ ಪುಡಿ ನೋಡಿ ನಕ್ಕರು. ಬೀರು ಬಾಗಿಲನ್ನು ನಾನೇ ಕಿತ್ತು ನೇತಾಡುವಂತೆ ಬಿಟ್ಟೆ. ಸರಳನ್ನೂ ಬಗ್ಗಿಸಿದೆ.

"ಒಲೆ ಮೇಲಿನ ಗೋಡೆಗೆ ಇನ್ನೂ ಮಸಿ ಬೇಕು. ಅಲ್ಲಿ ಜಾಸ್ತಿ ಕಪ್ಪು," ಎಂದೆ.

ಮಿಸ್ಬಾ ಕೈ ನಿಲ್ಲಿಸಿದಳು. "ಅಮ್ಮೀ, ನಿಂಗೆ ಗೊತ್ತಾಗಿತ್ತಾ?"

"ಇಪ್ಪತ್ತಾರು ವರ್ಷ ಅಲ್ಲೇ ಇದ್ದೀನಲ್ಲೇ. ಉಜ್ಜು, ಕೆಂಗೇರಿ ಬಂತು."

ಪರೀಕ್ಷೆಯ ಕೋಣೆಗೆ ಡಬ್ಬ ಹೊತ್ತು ಹೋದ ನನ್ನನ್ನು ಯಾರೂ ತಡೆಯಲಿಲ್ಲ, ಕೆಲಸದವಳೆಂದುಕೊಂಡಿರಬೇಕು. ಪರೀಕ್ಷಕರು ಬಗ್ಗಿ ನೋಡಿ, "ಎಲ್ಲಿಯದಮ್ಮ ಈ ಮನೆ?" ಎಂದರು.

"ಕಲ್ಪನೆ ಸಾರ್," ಎಂದಳು ಮಿಸ್ಬಾ, ನನ್ನ ಮಾನ ಉಳಿಸಲು.

"ನಮ್ದೇ ಸಾರ್. ಚನ್ನಪಟ್ಣದ್ದು," ಎಂದೆ ನಾನು, ಬಾಗಿಲ ಬಳಿಯಿಂದ.

ಮಿಸ್ಬಾ ಪಾಸಾದಳು. ಮಾದರಿಯನ್ನು ಕಾಲೇಜಿನವರೇ ಇಟ್ಟುಕೊಂಡಿದ್ದಾರೆ. ಹೊಸದಾಗಿ ಸೇರಿದವರು ನನ್ನ ಅಡುಗೆಮನೆಯ ಸುತ್ತ ನಿಂತು ನೋಟ್ಸ್ ಬರೆದುಕೊಳ್ಳುತ್ತಾರಂತೆ. ಮೂರು ಹೊತ್ತೂ ಅಸಲಿ ಅಡುಗೆಮನೆಯಿಂದಲೇ ಉಣ್ಣುವ ಗೌಸ್ ಸಾಹೇಬರು ಮಾತ್ರ ಇನ್ನೂ ಒಳಗೆ ಬಂದು ನೋಡಿಲ್ಲ.